ಕುಮಾರ ಪರ್ವತ, ಕುದುರೆಮುಖ, ಮುಳ್ಳಯ್ಯನಗಿರಿ: ಘಟ್ಟದ ಓಟದಲ್ಲಿ ಇಳಿಜಾರಿನ ಲೆಕ್ಕ

ರಸ್ತೆಯಲ್ಲಿ 21 ಕಿ.ಮೀ. ಓಟವನ್ನು ಎರಡೂಕಾಲು ಗಂಟೆಗೆ ಮುಗಿಸುವವರು ಕುದುರೆಮುಖದ 18 ಕಿ.ಮೀ. ಅಂದರೆ ಎರಡು ಗಂಟೆ ಅಂತ ಲೆಕ್ಕ ಹಾಕಿಕೊಂಡು ಹೊರಡುತ್ತಾರೆ. ನೀರನ್ನೂ ಅಷ್ಟೇ ಹೊತ್ತುಕೊಂಡಿರುತ್ತಾರೆ. ಎರಡು ಗಂಟೆ ಕಳೆದರೂ ತುದಿ ಇನ್ನೂ ಮೇಲೆಯೇ ಇರುತ್ತದೆ. ಅಂತರರಾಷ್ಟ್ರೀಯ ಟ್ರೇಲ್ ರನ್ನಿಂಗ್ (ಕಾಡು, ಗುಡ್ಡದ ಕಾಲುದಾರಿಯ ಓಟ) ಸಂಘ ಬಳಸುವ ಒಂದು ಸರಳ ಲೆಕ್ಕವನ್ನು ಮೊದಲು ಕಲಿತುಕೊಳ್ಳಿ: ಒಟ್ಟು ದೂರಕ್ಕೆ, ಒಟ್ಟು ಏರಿನ ಪ್ರತಿ 100 ಮೀಟರಿಗೆ ಒಂದು ಕಿ.ಮೀ. ಕೂಡಿಸಿ. ಮುಳ್ಳೋಡಿಯಿಂದ ಕುದುರೆಮುಖದ ತುದಿಗೆ ಹೋಗಿ ಬರಲು ಸುಮಾರು 18 ಕಿ.ಮೀ., ಏರು ಸುಮಾರು 1,000 ಮೀಟರ್, ಕೂಡಿದರೆ 28. ಕುಕ್ಕೆಯಿಂದ ಕುಮಾರ ಪರ್ವತಕ್ಕೆ ಹೋಗಿ ಬರುವ 26 ಕಿ.ಮೀ.ಗೆ 1,700 ಮೀಟರ್ ಏರು ಸೇರಿಸಿದರೆ 43. ಅಂದರೆ ಒಂದು ಪೂರ್ಣ ಮ್ಯಾರಥಾನ್‌ಗಿಂತ ಸ್ವಲ್ಪ ಹೆಚ್ಚು.

ಈ ಲೆಕ್ಕದಲ್ಲೂ ಒಂದು ಕೊರತೆ ಇದೆ. ಇಳಿಜಾರಿಗೆ ಅದು ಏನನ್ನೂ ಕೂಡಿಸುವುದಿಲ್ಲ. ಪಶ್ಚಿಮ ಘಟ್ಟದಲ್ಲಿ ಓಟ ಕೆಡುವುದೇ ಅಲ್ಲಿ. ಏರಿನಲ್ಲಿ ಹೋದ ಉಸಿರು ಐದು ನಿಮಿಷ ಕೂತರೆ ವಾಪಸ್ ಬರುತ್ತದೆ. ಇಳಿಜಾರಿನಲ್ಲಿ ಸೋತ ತೊಡೆ ಆ ದಿನಕ್ಕೆ ವಾಪಸ್ ಬರುವುದಿಲ್ಲ. ಹಾಗಾಗಿ ಕೆಳಗಿನ ದಾರಿಗಳನ್ನು ಹತ್ತುವವರ ಕಣ್ಣಿನಿಂದ ನೋಡಿದ್ದಕ್ಕಿಂತ ಇಳಿಯುವವರ ಕಣ್ಣಿನಿಂದ ನೋಡಿ ಬರೆದಿದ್ದು ಜಾಸ್ತಿ.

ಕುಮಾರ ಪರ್ವತ

ತುದಿ 1,712 ಮೀಟರ್. ಕುಕ್ಕೆ ಸುಬ್ರಹ್ಮಣ್ಯ ಇರುವುದು ಸಮುದ್ರಮಟ್ಟದಿಂದ ಸುಮಾರು 120 ಮೀಟರ್ ಎತ್ತರದಲ್ಲಿ. ಕರ್ನಾಟಕದಲ್ಲಿ ಒಂದೇ ಉಸಿರಿಗೆ ಇಷ್ಟು ಏರು ಕೊಡುವ ಜನಪ್ರಿಯ ದಾರಿ ಬೇರೆ ಇದ್ದಂತಿಲ್ಲ. ಇದನ್ನು ಒಂದೇ ದಾರಿ ಅಂತ ನೋಡಬೇಡಿ, ನಾಲ್ಕು ತುಂಡು ಅಂತ ನೋಡಿ.

ಮೊದಲ ತುಂಡು ಕುಕ್ಕೆಯಿಂದ ಗಿರಿಗದ್ದೆಯವರೆಗಿನ ಕಾಡು, ಸುಮಾರು 5 ಕಿ.ಮೀ. ದಟ್ಟ ನೆರಳು, ಬೇರು, ಉರುಳುಕಲ್ಲು. ನಡುವೆ ಭೀಮನ ಬಂಡೆ ಸಿಗುತ್ತದೆ. ನೆರಳಿದೆ ಅಂತ ಇಲ್ಲಿ ಓಡುವುದು ಮೊದಲ ತಪ್ಪು. ಗಾಳಿ ಆಡದ, ಕರಾವಳಿಯ ಸೆಕೆ ತುಂಬಿದ ಕಾಡು ಇದು; ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಎದೆಬಡಿತ ಏರಿದ್ದು ಇಳಿಯುವುದೇ ಇಲ್ಲ. ಮಾತಾಡಿಕೊಂಡು ಹೋಗುವಷ್ಟು ವೇಗದಲ್ಲಿ, ಕೈಯನ್ನು ತೊಡೆಯ ಮೇಲೆ ಒತ್ತಿಕೊಂಡು ನಡೆದೇ ಹತ್ತಿ.

ಎರಡನೆಯದು ಗಿರಿಗದ್ದೆ ಭಟ್ಟರ ಮನೆಯಿಂದ ಕಲ್ಲುಮಂಟಪದವರೆಗೆ. ಕಾಡು ಮುಗಿದು ಹುಲ್ಲುಗಾವಲು ಶುರು. ಇಲ್ಲಿಂದ ಮುಂದೆ ನೆರಳು ಇಲ್ಲವೇ ಇಲ್ಲ ಅನ್ನಬೇಕು. ಬೆಳಿಗ್ಗೆ ಒಂಬತ್ತರ ನಂತರ ಈ ತುಂಡಿಗೆ ಬಂದವರು ಬಿಸಿಲಿಗೆ ಸೋಲುತ್ತಾರೆ. ಅದಕ್ಕೇ ಅರಣ್ಯ ಇಲಾಖೆ ಬಿಡುವ ಮೊದಲ ಹೊತ್ತಿಗೇ ಕುಕ್ಕೆಯ ಬಾಗಿಲಲ್ಲಿ ಇರಬೇಕು. ಕಲ್ಲುಮಂಟಪದ ಹತ್ತಿರ ತೊರೆ ಇದೆ. ಅಕ್ಟೋಬರ್, ನವೆಂಬರಿನಲ್ಲಿ ನೀರು ಚೆನ್ನಾಗಿರುತ್ತದೆ. ಜನವರಿ ಹೊತ್ತಿಗೆ ಸಣಕಲಾಗುತ್ತದೆ. ಅದನ್ನು ನಂಬಿ ಖಾಲಿ ಬಾಟಲಿ ಇಟ್ಟುಕೊಂಡು ಹೋಗಬೇಡಿ.

ಮೂರನೆಯದು ಶೇಷ ಪರ್ವತದ ಏರು. ಇಲ್ಲಿ ಕಾಲುದಾರಿ ಮಳೆನೀರು ಕೊರೆದ ಕಾಲುವೆಯ ಹಾಗಿದೆ, ತಳದಲ್ಲಿ ಹರಳುಕಲ್ಲು. ಟ್ರೆಕ್ಕಿಂಗ್ ಪೋಲ್ ಇದ್ದರೆ ಉಪಯೋಗಕ್ಕೆ ಬರುವುದು ಇಲ್ಲೇ. ನಾಲ್ಕನೆಯದು ಶೇಷ ಪರ್ವತದಿಂದ ಇಳಿದು, ಶೋಲಾ ಕಾಡಿನೊಳಗೆ (ಹುಲ್ಲುಗುಡ್ಡಗಳ ನಡುವಿನ ದಟ್ಟ ಕಾಡು) ಹಾದು, ಬಂಡೆ ಹತ್ತಿ ತುದಿ ಸೇರುವ ತುಂಡು. ಬಹಳ ಜನ ಶೇಷ ಪರ್ವತವನ್ನೇ ತುದಿ ಅಂದುಕೊಂಡು ಅಲ್ಲಿಗೆ ಶಕ್ತಿಯೆಲ್ಲ ಖರ್ಚು ಮಾಡಿರುತ್ತಾರೆ. ಈ ಶೋಲಾ ಸದಾ ಒದ್ದೆ. ಬಂಡೆಯ ಮೇಲೆ ಪಾಚಿ ಕಟ್ಟಿದ್ದರೆ ಎಷ್ಟು ದುಬಾರಿ ಶೂ ಆದರೂ ಹಿಡಿತ ಕೊಡುವುದಿಲ್ಲ. ಕೈ ಊರಿ, ಮುಖ ಬಂಡೆಯ ಕಡೆ ಮಾಡಿ ಇಳಿಯಿರಿ. ಕೈ ಇಡುವ ಮೊದಲು ಆ ಜಾಗವನ್ನು ಕಣ್ಣಿಂದ ನೋಡಬೇಕು. ಒದ್ದೆ ಕಲ್ಲು, ತಗ್ಗು ಕೊಂಬೆಗಳ ಮೇಲೆ ಮಲಬಾರ್ ಪಿಟ್ ವೈಪರ್ ಅಲುಗಾಡದೆ ಕೂತಿರುತ್ತದೆ.

ವಾಪಸಾತಿಯಲ್ಲಿ ಎಲ್ಲಿ ಓಡಬೇಕು? ಶೇಷ ಪರ್ವತದಿಂದ ಕಲ್ಲುಮಂಟಪದವರೆಗೆ ಓಡಬೇಡಿ, ಬೇಗ ಬೇಗ ನಡೆಯಿರಿ. ಕಲ್ಲುಮಂಟಪದಿಂದ ಗಿರಿಗದ್ದೆಯವರೆಗೆ ಮನಸಾರೆ ಓಡಬಹುದು. ಇಡೀ ದಿನದಲ್ಲಿ ಓಟ ಅಂತ ಕರೆಯಬಹುದಾದ ಜಾಗ ಇದೊಂದೇ. ಗಿರಿಗದ್ದೆಯಲ್ಲಿ ಹತ್ತು ನಿಮಿಷ ಕೂತು, ಉಪ್ಪು ಸಕ್ಕರೆ ಒಳಗೆ ಹೋದ ಮೇಲೆಯೇ ಕೊನೆಯ ಕಾಡಿಗೆ ಇಳಿಯಿರಿ. ಇಲ್ಲಿ ಬೀಳುವವರೇ ಹೆಚ್ಚು. ಕಾರಣ ಎರಡು: ಸಾವಿರ ಮೀಟರ್ ಇಳಿದ ತೊಡೆಗೆ ಕಾಲು ಎತ್ತುವ ಶಕ್ತಿ ಉಳಿದಿರುವುದಿಲ್ಲ, ಬೇರುಗಳು ಅದೇ ಎತ್ತರಕ್ಕೆ ಇರುತ್ತವೆ, ಜೊತೆಗೆ ಮಧ್ಯಾಹ್ನದ ಬಿಸಿಲಿನಿಂದ ನೆರಳಿಗೆ ಬಂದ ಕಣ್ಣಿಗೆ ನೆಲ ಸರಿಯಾಗಿ ಕಾಣುವುದಿಲ್ಲ. ಕಪ್ಪು ಕನ್ನಡಕ ಹಾಕಿದ್ದರೆ ಕಾಡಿನ ಅಂಚಿನಲ್ಲೇ ತೆಗೆಯಿರಿ.

ರಸ್ತೆಯಲ್ಲಿ 10 ಕಿ.ಮೀ.ಯನ್ನು ಒಂದು ಗಂಟೆಗೆ ಓಡುವವರು ಇದಕ್ಕೆ ಏಳರಿಂದ ಎಂಟು ಗಂಟೆ ಇಟ್ಟುಕೊಳ್ಳಬೇಕು. ಸೋಮವಾರಪೇಟೆ ಕಡೆಯ ಬೀದಹಳ್ಳಿಯಿಂದ ಹತ್ತಿದರೆ ಒಂದು ಬದಿಗೆ ಸುಮಾರು 7 ಕಿ.ಮೀ. ಅಷ್ಟೇ. ಹೊಸಬರಿಗೆ ನಾನು ಮೊದಲು ಹೇಳುವುದು ಆ ಬದಿಯನ್ನೇ. ದಾರಿಯ ಬಹುಪಾಲು ಕಾಡಿನ ನೆರಳಲ್ಲಿದೆ. ಆದರೆ ಹಿಂದಿನ ದಿನ ಮಳೆ ಬಿದ್ದಿದ್ದರೆ ಅಲ್ಲಿನ ಹಾಸುಬಂಡೆಗಳು ಜಾರುತ್ತವೆ, ಉಂಬಳವೂ (ಕಾಡಿನ ಜಿಗಣೆ) ಹೆಚ್ಚು.

ಕುದುರೆಮುಖ

ಓಡುವ ಸುಖ ಬೇಕು ಅನ್ನುವವರಿಗೆ ನನ್ನ ಆಯ್ಕೆ ಇದು, ಎರಡು ಮಾತಿಲ್ಲ. ತುದಿ 1,894 ಮೀಟರ್. ಸಂಸೆ ಕಡೆಯಿಂದ ಮುಳ್ಳೋಡಿಗೆ ಜೀಪಿನ ದಾರಿ ಸುಮಾರು 6 ಕಿ.ಮೀ., ಅಲ್ಲಿಂದ ತುದಿಗೆ 9 ಕಿ.ಮೀ. ಏರು ಒಂದೇ ಕಡೆ ಗುಡ್ಡೆ ಹಾಕಿಲ್ಲ. ಹಳ್ಳ ದಾಟುವುದು, ಶೋಲಾದೊಳಗೆ ನುಗ್ಗುವುದು, ಒಂಟಿಮರದ ನಂತರ ಗುಡ್ಡದ ಮೈಗೆ ಅಂಟಿಕೊಂಡು ಹೋಗುವ ಉದ್ದನೆಯ ಕಾಲುದಾರಿ. ಮುಳ್ಳೋಡಿಯಿಂದ ಮೊದಲ ಅರ್ಧ ಗಂಟೆ ನಡೆದು, ಆಮೇಲೆ ಸಣ್ಣ ಹೆಜ್ಜೆಯಲ್ಲಿ ಓಡಿದರೆ ಕೊನೆಯ ಕಡಿದಾದ ಏರಿನವರೆಗೆ ಹೆಚ್ಚಿನ ದಾರಿಯನ್ನು ಓಡಿಯೇ ಮುಗಿಸಬಹುದು.

ಗುಡ್ಡದ ಮೈಯ ಕಾಲುದಾರಿಗೆ ಒಂದು ಗುಣ ಇದೆ: ಅದು ಸಮತಟ್ಟಲ್ಲ, ಕಣಿವೆಯ ಕಡೆ ವಾಲಿದೆ. ಹೋಗುವಾಗ ಒಂದು ಕಾಲು ಸದಾ ತಗ್ಗಿನಲ್ಲಿ, ಬರುವಾಗ ಇನ್ನೊಂದು. ರಸ್ತೆಯಲ್ಲೇ ಓಡಿ ಅಭ್ಯಾಸ ಇರುವವರಿಗೆ ಪಾದದ ಕೀಲಿನ ಹೊರಬದಿ, ಮಂಡಿಯ ಹೊರಬದಿ ನೋಯುವುದು ಈ ಕಾರಣಕ್ಕೆ. ವಾರಕ್ಕೆ ಮೂರು ದಿನ ಒಂಟಿಕಾಲಲ್ಲಿ, ಬರಿಗಾಲಲ್ಲಿ, ಕಣ್ಣು ಮುಚ್ಚಿ 30 ಸೆಕೆಂಡ್ ನಿಲ್ಲುವ ಅಭ್ಯಾಸ ಮಾಡಿದರೆ ಬಹಳಷ್ಟು ತಡೆದುಕೊಳ್ಳುತ್ತದೆ. ಮಳೆಗಾಲ ಮುಗಿದ ಹೊಸದರಲ್ಲಿ ಆಳೆತ್ತರ ಬೆಳೆದ ಹುಲ್ಲು ದಾರಿಯ ಮೇಲೆ ಮಲಗಿರುತ್ತದೆ, ಅಂಚು ಎಲ್ಲಿ ಮುಗಿಯುತ್ತದೆ ಅಂತ ಕಾಣುವುದಿಲ್ಲ. ಹುಲ್ಲು ಮುಚ್ಚಿದ ಜಾಗದಲ್ಲಿ ಗುಡ್ಡದ ಬದಿಗೇ ಒತ್ತಿ ಹೆಜ್ಜೆ ಇಡಿ.

ತುದಿಯ ಹತ್ತಿರ ಪಾಳುಬಿದ್ದ ಹಳೆಯ ಇಗರ್ಜಿಯ ಗೋಡೆಗಳಿವೆ. ಅರಬ್ಬಿ ಸಮುದ್ರದ ಗಾಳಿ ನೇರ ಬಂದು ಬಡಿಯುವ ಜಾಗ. ಹತ್ತುವಾಗ ಬೆವರಿ ತೊಪ್ಪೆಯಾದ ಬನಿಯನ್ ಅನ್ನು ಈ ಗಾಳಿ ಐದೇ ನಿಮಿಷಕ್ಕೆ ಮಂಜುಗಡ್ಡೆಯ ಹಾಗೆ ಮಾಡುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ. 150 ಗ್ರಾಂ ತೂಗುವ ಗಾಳಿತಡೆ ಜಾಕೆಟ್ ಒಂದು ಚೀಲದಲ್ಲಿರಲಿ. ಫೋಟೋ ತೆಗೆಯುವ ಮೊದಲು ಅದನ್ನು ಹಾಕಿಕೊಳ್ಳಿ. ಮಂಜು ಮುಸುಕಿದರೆ ಹತ್ತು ಅಡಿ ಮುಂದಿನ ದಾರಿ ಕಾಣುವುದಿಲ್ಲ. ಮೊಬೈಲ್ ಸಿಗ್ನಲ್ ನಂಬಬೇಡಿ, ಫೋನಿನ ನಕ್ಷೆಯಲ್ಲಿ ದಾರಿ ತೋರಿಸುವ ಜಿಪಿಎಕ್ಸ್ ಕಡತವನ್ನು ಮನೆಯಲ್ಲೇ ಇಳಿಸಿಟ್ಟುಕೊಂಡು ಫೋನನ್ನು ಏರ್‌ಪ್ಲೇನ್ ಮೋಡಿನಲ್ಲಿಡಿ. ನಾಲ್ಕೂವರೆಯಿಂದ ಐದೂವರೆ ಗಂಟೆ ಇದಕ್ಕೆ ಸಾಕು.

ಮುಳ್ಳಯ್ಯನಗಿರಿಯ ಸರ್ಪದಾರಿ

ರಾಜ್ಯದ ಅತಿ ಎತ್ತರದ ತುದಿ, 1,930 ಮೀಟರ್. ಓಟಗಾರರಿಗೆ ಇದು ಪ್ರವಾಸಕ್ಕಿಂತ ಅಭ್ಯಾಸದ ಜಾಗ. ಸರ್ಪದಾರಿಯ ಬುಡದಿಂದ ಮುಳ್ಳಪ್ಪಸ್ವಾಮಿ ಗುಡಿಯವರೆಗೆ ಮೂರು, ನಾಲ್ಕು ಕಿ.ಮೀ. ಕಡಿದಾದ ದಾರಿ. ಒಮ್ಮೆ ಹತ್ತಿ ಇಳಿದು, ನೀರು ಕುಡಿದು, ಇನ್ನೊಮ್ಮೆ ಹತ್ತಿ ಇಳಿದರೆ ಕುಮಾರ ಪರ್ವತಕ್ಕೆ ಕಾಲು ಸಿದ್ಧವೋ ಇಲ್ಲವೋ ಅಂತ ಅಲ್ಲೇ ಗೊತ್ತಾಗುತ್ತದೆ. ಎರಡನೇ ಇಳಿತದಲ್ಲಿ ತೊಡೆ ನಡುಗಿದರೆ ಇನ್ನೂ ಒಂದು ತಿಂಗಳು ಬೇಕು. ಶನಿವಾರ, ಭಾನುವಾರ ಬೇಡ; ಸೀತಾಳಯ್ಯನಗಿರಿ ಕಡೆಯ ಕಿರಿದಾದ ರಸ್ತೆಯಲ್ಲಿ ವಾಹನ ಸಾಲುಗಟ್ಟಿರುತ್ತವೆ, ಆ ರಸ್ತೆಯಲ್ಲಿ ಓಡಿ ಇಳಿಯುವುದು ಅಪಾಯ. ಗುಡ್ಡದ ಹುಲ್ಲಿನ ಮೇಲೆ ಹೊಸ ಅಡ್ಡದಾರಿ ಮಾಡುವುದೂ ಬೇಡ. ಆ ಮಣ್ಣು ತೆಳು, ಒಮ್ಮೆ ಹುಲ್ಲಿನ ಬೇರು ಕಿತ್ತರೆ ಮುಂದಿನ ಮಳೆಗೆ ಅಲ್ಲಿ ಕೊರಕಲು ಬೀಳುತ್ತದೆ. ನೀಲಕುರಿಂಜಿ ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಗುಡ್ಡ ಇದು. ಹೂವಿಲ್ಲದ ವರ್ಷಗಳಲ್ಲೂ ಗಿಡ ಅಲ್ಲೇ ಇರುತ್ತದೆ.

ಕೊಡಗಿನ ತಡಿಯಂಡಮೋಳ್ 1,748 ಮೀಟರ್. ಕಕ್ಕಬೆಯ ನಾಲ್ಕುನಾಡು ಅರಮನೆಯಿಂದ ಶುರು ಮಾಡಿದರೆ ಅರ್ಧ ದಾರಿ ಜೀಪ್ ಹೋಗುವಷ್ಟು ಅಗಲ ಇದೆ, ಕೊನೆಯ ಭಾಗ ಮಾತ್ರ ಕಡಿದು. ಮೊದಲ ಬೆಟ್ಟದ ಓಟಕ್ಕೆ ಒಳ್ಳೆಯದು.

ಅನುಮತಿ, ಗೈಡ್, ಕಾಲ

2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನಜಾತ್ರೆ ಆದ ಮೇಲೆ ರಾಜ್ಯದ ಚಾರಣ ಪಥಗಳಿಗೆ ಆನ್‌ಲೈನ್ ಬುಕಿಂಗ್ ವ್ಯವಸ್ಥೆ ಬಂತು. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ದಿನಾಂಕ, ಪಥ ಆರಿಸಿ ಬುಕ್ ಮಾಡಬೇಕು. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ಓಟಗಾರರಿಗೆ ಅಂತ ಬೇರೆ ಅನುಮತಿ ಇಲ್ಲ, ಚಾರಣಿಗರ ನಿಯಮವೇ ನಮಗೂ. ಗುರುತಿನ ಚೀಟಿಯ ಮೂಲಪ್ರತಿ ಒಯ್ಯಿರಿ. ಕುಡಿಯುವ ನೀರಿನ ಬಾಟಲಿಯಿಂದ ಹಿಡಿದು ಚಿಕ್ಕಿಯ ಹೊದಿಕೆಯವರೆಗೆ ಪ್ಲಾಸ್ಟಿಕ್ ಎಣಿಸಿ ಬಿಡುವ ಕಡೆ ಎಣಿಕೆ ತಪ್ಪದ ಹಾಗೆ ವಾಪಸ್ ತನ್ನಿ.

ಓಟಗಾರರು ಎಡವುವುದು ಗೈಡ್ ವಿಷಯದಲ್ಲಿ. ಗೈಡ್ ಜೊತೆಯಲ್ಲೇ ಹೋಗಬೇಕಾದ ಪಥದಲ್ಲಿ ಅವರನ್ನು ಹಿಂದೆ ಬಿಟ್ಟು ಓಡುವುದು ನಿಯಮಕ್ಕೂ ವಿರುದ್ಧ, ಮರ್ಯಾದೆಗೂ ವಿರುದ್ಧ. ಹಿಂದಿನ ದಿನವೇ ಫೋನ್ ಮಾಡಿ, ‘ಅಣ್ಣಾ, ನಾವು ಸ್ವಲ್ಪ ಜೋರಾಗಿ ಹೋಗೋರು, ನಿಮ್ಮಲ್ಲಿ ಹಾಗೆ ಬರೋ ಹುಡುಗರು ಇದ್ದಾರಾ?’ ಅಂತ ಕೇಳಿ. ಇರುತ್ತಾರೆ. ಏರಿನಲ್ಲಿ ಅವರ ಹಿಂದೆ ಹೋಗುವುದು ನಮಗೇ ಕಷ್ಟ ಆಗುತ್ತದೆ. ಅರ್ಧ ದಿನಕ್ಕೆ ಮುಗಿದರೂ ಇಡೀ ದಿನದ ಕೂಲಿ ಕೊಡಬೇಕು. ಕಿರಿದಾದ ದಾರಿಯಲ್ಲಿ ಹತ್ತುವವರು ಎದುರಾದರೆ ಇಳಿಯುವವರೇ ನಿಲ್ಲಬೇಕು. ಹಿಂದಿನಿಂದ ದಾಟುವಾಗ ಹತ್ತು ಹೆಜ್ಜೆ ಮೊದಲೇ ಕೂಗಿ ಹೇಳಿ.

ಓಡಲು ಒಳ್ಳೆಯ ಕಾಲ ಅಕ್ಟೋಬರ್ ಕೊನೆಯಿಂದ ಜನವರಿವರೆಗೆ. ಜೂನ್‌ನಿಂದ ಸೆಪ್ಟೆಂಬರ್ ಮುಂಗಾರು, ದಾರಿಗಳೇ ಹಳ್ಳ. ಫೆಬ್ರವರಿ ನಂತರ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯಕ್ಕೆ ಪಥಗಳನ್ನು ಮುಚ್ಚುತ್ತಾರೆ. ಅಕ್ಟೋಬರಿನಲ್ಲಿ ಬೆಳಿಗ್ಗೆ ನಿರ್ಮಲ ಆಕಾಶ ಇದ್ದು ಮಧ್ಯಾಹ್ನ ಗುಡುಗು ಮಳೆ ಬರುವುದು ಮಾಮೂಲು. ಹನ್ನೆರಡರೊಳಗೆ ಬೋಳುಗುಡ್ಡದಿಂದ ಕೆಳಗೆ ಇರಬೇಕು. ಗುಡುಗು ಕೇಳಿದರೆ ತುದಿಯ ಆಸೆ ಬಿಟ್ಟು ಅಲ್ಲಿಂದಲೇ ತಿರುಗಿ. ಮಳೆಗೆ ಒಂಟಿಮರದ ಬುಡದಲ್ಲಿ ನಿಲ್ಲುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ.

ಇಳಿಯುವುದನ್ನು ಕಲಿಯುವುದು

ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಬಿಗಿ ಹಿಡಿಯಬೇಕು. ಬ್ರೇಕ್ ಹಾಕುವ ಕೆಲಸ ಅದರದ್ದು. ಈ ರೀತಿಯ ಶ್ರಮ ಸ್ನಾಯುವಿನ ಎಳೆಗಳನ್ನು ಸಣ್ಣದಾಗಿ ಹರಿಯುತ್ತದೆ. ನೋವು ಜೋರಾಗುವುದು ಮರುದಿನದಿಂದ ಮೂರನೇ ದಿನದೊಳಗೆ. ಸಮಾಧಾನದ ವಿಷಯ ಅಂದರೆ ಒಮ್ಮೆ ಹೀಗೆ ನೊಂದು ಮಾಗಿದ ಸ್ನಾಯು ಮುಂದಿನ ಹಲವು ವಾರ ಅಷ್ಟು ಸುಲಭಕ್ಕೆ ಸೋಲುವುದಿಲ್ಲ. ಅಂದರೆ ಇಳಿಯುವುದಕ್ಕೆ ಇಳಿದೇ ತಯಾರಾಗಬೇಕು. ಸಮತಟ್ಟು ರಸ್ತೆಯಲ್ಲಿ ಎಷ್ಟು ಕಿ.ಮೀ. ಓಡಿದರೂ ಈ ರಕ್ಷಣೆ ಸಿಗುವುದಿಲ್ಲ.

ಮೈಸೂರಿನವರಿಗೆ ಚಾಮುಂಡಿ ಬೆಟ್ಟದ 1,008 ಮೆಟ್ಟಿಲು ಇದೆ. ಮೊದಲ ಎರಡು ವಾರ ವಾರಕ್ಕೊಮ್ಮೆ ಹತ್ತಿ ಒಂದೇ ಬಾರಿ ಇಳಿಯಿರಿ, ಅದೂ ನಡೆದು. ಮೂರನೇ ವಾರದಿಂದ ಎರಡು ಸುತ್ತು, ಆರನೇ ವಾರದಿಂದ ಮೂರು. ಬೆಟ್ಟದ ಓಟಕ್ಕೆ ಹನ್ನೆರಡು ದಿನ ಇರುವಾಗ ಕೊನೆಯ ಭಾರಿ ಇಳಿತ ಮುಗಿದಿರಬೇಕು, ಇಲ್ಲವಾದರೆ ನೋವಿನ ಕಾಲಿನಲ್ಲೇ ಘಟ್ಟಕ್ಕೆ ಹೋಗುತ್ತೀರಿ. ಮೆಟ್ಟಿಲಿಗೆ ಹರಕೆಯವರು ಅರಿಶಿನ ಕುಂಕುಮ ಹಚ್ಚಿರುತ್ತಾರೆ. ಇಬ್ಬನಿ ಬಿದ್ದ ಬೆಳಗಿನಲ್ಲಿ ಅದು ಜಾರುತ್ತದೆ. ಬರಿಗಾಲಲ್ಲಿ ಹತ್ತುವ ಭಕ್ತರ ನಡುವೆ ಓಡಿ ಇಳಿಯುವುದು ಸರಿಯಲ್ಲ, ಜನ ಬರುವ ಮುಂಚೆ ಮುಗಿಸಿ. ಬೆಟ್ಟವೇ ಹತ್ತಿರ ಇಲ್ಲದವರು ಅಪಾರ್ಟ್‌ಮೆಂಟಿನ ಹತ್ತು ಮಹಡಿ ಹತ್ತಿ ಇಳಿಯಲಿ. ಲಿಫ್ಟಿನಲ್ಲಿ ಹತ್ತಿ ಮೆಟ್ಟಿಲಲ್ಲಿ ಇಳಿದರೂ ನಮ್ಮ ಉದ್ದೇಶಕ್ಕೆ ಸಾಕು.

ಇಳಿಯುವ ರೀತಿ: ದೃಷ್ಟಿ ಕಾಲಬುಡದಲ್ಲಿ ಬೇಡ, ಮೂರು ನಾಲ್ಕು ಮೀಟರ್ ಮುಂದಿರಲಿ. ಮೈ ಹಿಂದಕ್ಕೆ ವಾಲಿದರೆ ಹಿಮ್ಮಡಿ ಮುಂದೆ ಚಾಚಿ ಬೀಳುತ್ತದೆ, ಜಂಬಿಟ್ಟಿಗೆಯ ಹರಳಿನ ಮೇಲೆ ಗೋಲಿ ತುಳಿದ ಹಾಗೆ ಜಾರುತ್ತದೆ. ಹೆದರಿಕೆಯಿಂದ ಎಲ್ಲರೂ ಮಾಡುವ ತಪ್ಪು ಇದೇ. ಸೊಂಟವನ್ನು ಪಾದದ ಮೇಲೇ ಇಟ್ಟುಕೊಂಡು, ಹೆಜ್ಜೆಯನ್ನು ಅರ್ಧಕ್ಕೆ ಇಳಿಸಿ, ನಿಮಿಷಕ್ಕೆ 180ರಷ್ಟು ಹೆಜ್ಜೆ ಹಾಕಿ. ಕೈಗಳನ್ನು ತಕ್ಕಡಿಯ ಹಾಗೆ ಅಗಲ ಬಿಡಿ.

ಪಾದ, ಉಂಬಳ, ನೀರು

ಶೂಗಳ ಅಟ್ಟೆಯ ಹಲ್ಲು 4ರಿಂದ 5 ಮಿ.ಮೀ. ಇದ್ದರೆ ನಮ್ಮ ಮಣ್ಣಿಗೂ ಬಂಡೆಗೂ ಸರಿಹೋಗುತ್ತದೆ. ಅದಕ್ಕಿಂತ ಉದ್ದ ಹಲ್ಲು ಕೆಸರಿಗೆ ಚೆನ್ನ, ಬಂಡೆಯ ಮೇಲೆ ಅಲುಗಾಡುತ್ತದೆ. ನೀರು ಒಳಗೆ ಬಿಡದ ಶೂ ಘಟ್ಟಕ್ಕೆ ಬೇಡವೇ ಬೇಡ: ಹಳ್ಳ ದಾಟುವಾಗ ಮೇಲಿನಿಂದ ನುಗ್ಗಿದ ನೀರು ಹೊರಗೂ ಹೋಗುವುದಿಲ್ಲ. ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಜಾಗ ಇರಬೇಕು. ಇಳಿಯುವ ಮುಂಚೆ, ಅಂದರೆ ತುದಿಯಲ್ಲೇ, ಲೇಸ್ ಬಿಚ್ಚಿ ಹಿಮ್ಮಡಿ ಹಿಂದಕ್ಕೆ ಕುಟ್ಟಿ, ಮೇಲಿನ ಕೊನೆಯ ತೂತಿಗೂ ಸೇರಿಸಿ ಬಿಗಿಯಾಗಿ ಕಟ್ಟಿ. ಹೀಗೆ ಮಾಡದವರ ಉಗುರು ಮುಂದಿನ ವಾರ ಕಪ್ಪಾಗುತ್ತದೆ.

ಉಂಬಳಕ್ಕೆ ಮಲೆನಾಡಿನ ಮದ್ದೇ ಮದ್ದು. ಕೊಬ್ಬರಿ ಎಣ್ಣೆಯಲ್ಲಿ ನಶ್ಯ ಕಲಸಿ ಕಾಲುಚೀಲದ ಹೊರಗೆ, ಶೂ ಬಾಯಿಗೆ ಹಚ್ಚಿ. ಚರ್ಮಕ್ಕೆ ಹಚ್ಚಬೇಡಿ, ಹೊಗೆಸೊಪ್ಪು ಮೈಗೆ ಹತ್ತಿ ತಲೆ ಸುತ್ತಬಹುದು. ಹಳ್ಳ ದಾಟಿದ ಮೇಲೆ ಮತ್ತೆ ಹಚ್ಚಬೇಕು. ಕಚ್ಚಿದ್ದರೆ ಸುಡಬೇಡಿ, ಎಳೆಯಬೇಡಿ. ಸಪೂರ ಇರುವ ತುದಿಯ ಕೆಳಗೆ ಉಗುರು ತೂರಿಸಿ ಬಿಡಿಸಿ. ಅದು ಬಿಡುವ ಹಿರುಡಿನ್ ಅನ್ನುವ ರಸ ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಅದಕ್ಕೇ ಬಹಳ ಹೊತ್ತು ಸೋರುತ್ತದೆ. ಗಾಬರಿ ಬೇಡ, ತೊಳೆದು ಒತ್ತಿ ಕಟ್ಟಿದರೆ ಸಾಕು.

ನಿಮಗೆ ಎಷ್ಟು ನೀರು ಬೇಕು ಅಂತ ಬೇರೆಯವರು ಹೇಳಲಾರರು. ಒಂದು ಗಂಟೆ ಓಡುವ ಮುಂಚೆ, ಓಡಿದ ಮೇಲೆ ತೂಕ ನೋಡಿ; ಕಡಿಮೆಯಾದ ಒಂದು ಕಿಲೋ ಅಂದರೆ ಒಂದು ಲೀಟರ್ ಬೆವರು, ನಡುವೆ ಕುಡಿದದ್ದನ್ನು ಕೂಡಿಸಿ. ಕುಕ್ಕೆ ಬದಿಗೆ ಕನಿಷ್ಠ 2 ಲೀಟರ್ ಹಿಡಿಸುವ ಚೀಲ ಬೇಕು. ಬರೀ ನೀರು ಕುಡಿಯುತ್ತಾ ಹೋದರೆ ರಕ್ತದ ಸೋಡಿಯಂ ಇಳಿದು ವಾಕರಿಕೆ, ಮಂಕು ಬರುತ್ತದೆ. ಡಬ್ಲ್ಯುಎಚ್‌ಒ ಸೂತ್ರದ ಓಆರ್‌ಎಸ್‌ನ ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಚಿಕ್ಕದು 200 ಮಿ.ಲೀ.ಗೆ. ದೊಡ್ಡ ಪೊಟ್ಟಣವನ್ನು ಪೂರ್ತಿ ಅರ್ಧ ಲೀಟರ್ ಬಾಟಲಿಗೆ ಸುರಿದರೆ ಹೊಟ್ಟೆ ಕೆಡುತ್ತದೆ. ಗಂಟೆಗೆ 40ರಿಂದ 60 ಗ್ರಾಂ ಪಿಷ್ಟ, ಸಕ್ಕರೆ ಒಳಗೆ ಹೋಗಬೇಕು. ಬೆಲ್ಲದ ಬಹುಪಾಲು ಸಕ್ಕರೆಯೇ; ಚಿಕ್ಕಿಯಲ್ಲಿ ಅದರ ಜೊತೆ ಕೊಬ್ಬೂ ಇರುವುದರಿಂದ ಏರಿನಲ್ಲಿ ಬೆಲ್ಲ, ಕೂತಾಗ ಚಿಕ್ಕಿ ತಿನ್ನುವುದು ಒಳ್ಳೆಯದು.

ಬೆಳಕು ಹರಿಯುವ ಮುಂಚೆ ಕಾಫಿ ತೋಟದ ದಾರಿಯಲ್ಲಿ ಓಡಬೇಡಿ. ಮೂಡಿಗೆರೆ, ಸಕಲೇಶಪುರ, ಆಲೂರು ಕಡೆ ಆನೆ ತೋಟದೊಳಗೇ ಇರುತ್ತದೆ. ಹಿಂದಿನ ಸಂಜೆ ತೋಟದ ಕೆಲಸದವರನ್ನು ಕೇಳಿಯೇ ದಾರಿ ನಿರ್ಧರಿಸಿ. ಕಿವಿಗೆ ಇಯರ್‌ಫೋನ್ ಬೇಡ. ಹುಲ್ಲುಗಾವಲಿನಲ್ಲಿ ಕಾಟಿ (ಕಾಡುಕೋಣ) ಸಿಕ್ಕರೆ ಓಟ ನಿಲ್ಲಿಸಿ, ಅದು ಹೋಗುವವರೆಗೆ ದೂರ ನಿಲ್ಲಿ. ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡದ ಕಾಡುಗಳಲ್ಲಿ ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಉಣ್ಣೆಗಳ ಕಾಲ. ಸತ್ತ ಮಂಗ ಕಂಡರೆ ಹತ್ತಿರ ಸುಳಿಯದೆ ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸಿ. ಬಂದ ಮೇಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಒಂದು ವಾರದ ಆಸುಪಾಸಿನಲ್ಲಿ ಜೋರು ಜ್ವರ ಬಂದರೆ ಯಾವ ಕಾಡಿಗೆ ಹೋಗಿದ್ದಿರಿ ಅಂತ ವೈದ್ಯರಿಗೆ ಮೊದಲ ಮಾತಿಗೇ ಹೇಳಿ.

ಕಾಲು ಉಳುಕಿದರೆ ಇಲ್ಲಿ ವಾಹನ ಬರುವುದಿಲ್ಲ, ಊರಿನ ಹುಡುಗರು ಹೊತ್ತು ಇಳಿಸಬೇಕು, ಅದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. 10 ಸೆಂ.ಮೀ. ಅಗಲದ ಕ್ರೇಪ್ ಬ್ಯಾಂಡೇಜ್, ಸೀಟಿ, ಹೆಡ್‌ಲ್ಯಾಂಪ್, ಮೈ ಬೆಚ್ಚಗಿಡುವ ತೆಳು ಹಾಳೆ, ಇವಿಷ್ಟು ಎಲ್ಲರ ಚೀಲದಲ್ಲೂ ಇರಲಿ.

ಕುಮಾರ ಪರ್ವತ ಮುಗಿಸಿ ಅದೇ ಸಂಜೆ ಶಿರಾಡಿ ಘಾಟಿಯಲ್ಲಿ ನೀವೇ ಕಾರು ಓಡಿಸಿಕೊಂಡು ಬೆಂಗಳೂರಿಗೆ ಹೊರಡಬೇಡಿ. ಬ್ರೇಕ್ ಒತ್ತುವಾಗ ತೊಡೆ ಹಿಡಿದುಕೊಂಡರೆ ಕಾಲು ಎತ್ತಲು ಆಗುವುದಿಲ್ಲ. ಕುಕ್ಕೆಯಿಂದ ಸುಮಾರು 12 ಕಿ.ಮೀ. ದೂರದ ನೆಟ್ಟಣದಲ್ಲಿ ಸುಬ್ರಹ್ಮಣ್ಯ ರೋಡ್ ನಿಲ್ದಾಣ ಇದೆ, ಅಲ್ಲಿಂದ ರಾತ್ರಿ ರೈಲು ಹಿಡಿಯಬಹುದು. ಟಿಕೆಟ್ ಮಾಡುವಾಗ ಕೆಳಗಿನ ಬರ್ತ್ ಕೇಳಿ. ಬೆಳಿಗ್ಗೆ ಮೇಲಿನ ಬರ್ತಿನಿಂದ ಇಳಿಯುವುದು ಆ ತೊಡೆಗಳಿಂದ ಆಗುವ ಕೆಲಸವಲ್ಲ.